ವಾರಕ್ಕೆ ಎರಡು ದಿನ ಹೊಲಕ್ಕೆ ಕಳಿಸಿ: ಜಂಟಿ ಕೃಷಿ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಜಂಟಿ ಕೃಷಿ ನಿರ್ದೇಶಕರು,
ಕೃಷಿ ಇಲಾಖೆ, ನಮ್ಮ ಜಿಲ್ಲೆ

ವಿಷಯ: ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೆಲಸದ ಬಗ್ಗೆ ದೂರು ಮತ್ತು ಕೋರಿಕೆ

ಮಾನ್ಯರೇ,

ಈ ಪತ್ರವನ್ನು ತಮ್ಮ ಕಚೇರಿಯ ಟಪಾಲಿಗೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಮನೆಗೆ ಹೋಗಬಹುದಿತ್ತು. ನಮ್ಮ ಊರಿನವರು ಹಿಂದೆ ಕೊಟ್ಟ ಅರ್ಜಿಗಳಿಗೂ ಅಂಥ ಸೀಲು ಇದೆ. ಸೀಲು ಬಿಟ್ಟರೆ ಬೇರೇನೂ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಬಯಲುಸೀಮೆಯ ಮಳೆಯಾಶ್ರಿತ ರೈತ. ಮೆಕ್ಕೆಜೋಳ, ಶೇಂಗಾ, ಸ್ವಲ್ಪ ರಾಗಿ, ಅಕ್ಕಡಿಗೆ ತೊಗರಿ, ಇಷ್ಟು ನನ್ನ ಬೇಸಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ಒಬ್ಬ ಅಧಿಕಾರಿಯ ಮೇಲಿನ ಚಾಡಿ ಅಲ್ಲ. ನಮ್ಮ ಕೇಂದ್ರದಲ್ಲಿ ಇರುವವರು ಕೆಟ್ಟವರಲ್ಲ. ಕೂತು ಹರಟೆ ಹೊಡೆಯುವವರೂ ಅಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ದುಡಿಯುತ್ತಾರೆ. ಆದರೆ ಅವರು ದುಡಿಯುವ ಕೆಲಸ ಯಾವುದು, ಅವರು ಮಾಡಬೇಕಾಗಿದ್ದ ಕೆಲಸ ಯಾವುದು ಅನ್ನುವುದೇ ನನ್ನ ತಕರಾರು.

ರೈತ ಸಂಪರ್ಕ ಕೇಂದ್ರಗಳು ಬಂದದ್ದು 2000ನೇ ಇಸವಿಯಲ್ಲಿ, ರೈತ ಮಿತ್ರ ಯೋಜನೆಯಲ್ಲಿ. ರಾಜ್ಯದ 745 ಹೋಬಳಿಗಳಿಗೂ ಒಂದೊಂದು ಕೇಂದ್ರ. ಆಗ ಹೇಳಿದ ಉದ್ದೇಶಗಳನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಯಾವ ಬೆಳೆ ಇಡಬೇಕು, ಹೇಗೆ ಬೆಳೆಯಬೇಕು, ಮಾರುಕಟ್ಟೆ ಹೇಗಿದೆ ಅಂತ ರೈತರಿಗೆ ತಿಳಿಸುವುದು. ಬೀಜ, ಜೈವಿಕ ಗೊಬ್ಬರ, ಸಸ್ಯ ಸಂರಕ್ಷಣೆಯ ಔಷಧಿ ಹೋಬಳಿಯಲ್ಲೇ ಸಿಗುವ ಹಾಗೆ ಮಾಡುವುದು. ಬೀಜ ಮತ್ತು ಮಣ್ಣಿನ ಪ್ರಾಥಮಿಕ ಪರೀಕ್ಷೆ ಅಲ್ಲೇ ನಡೆಸುವುದು. ಹೊಸ ತಂತ್ರಜ್ಞಾನವನ್ನು ರೈತರಿಗೆ ಮುಟ್ಟಿಸುವುದು. ಇಷ್ಟರಲ್ಲಿ ನಮ್ಮಲ್ಲಿ ಇವತ್ತು ಉಳಿದಿರುವುದು ಎರಡನೆಯದು ಮಾತ್ರ. ಅದೂ ಅರ್ಧ. ಕೇಂದ್ರ ಅಂದರೆ ಈಗ ಗೋದಾಮು, ಒಂದು ಕಂಪ್ಯೂಟರು, ಒಂದು ಕೌಂಟರು.

ಕೌಂಟರಿನ ಕಥೆಯನ್ನೇ ಮೊದಲು ಹೇಳುತ್ತೇನೆ. ಮುಂಗಾರು ಶುರುವಾಗುವ ಹೊತ್ತಿಗೆ ತಾವು ಮುನ್ಸೂಚನೆ ಕೊಡದೆ ಯಾವುದಾದರೂ ಕೇಂದ್ರಕ್ಕೆ ಹೋಗಿ ನಿಂತು ನೋಡಿ. ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿರುತ್ತದೆ. ಒಂದು ಕೈಯಲ್ಲಿ ಆಧಾರ್ ಜೆರಾಕ್ಸು, ಇನ್ನೊಂದು ಕೈಯಲ್ಲಿ ಫೋನು ಹಿಡಿದ ಜನ ಬಾಗಿಲಿನಿಂದ ರಸ್ತೆವರೆಗೆ ನಿಂತಿರುತ್ತಾರೆ. ಒಬ್ಬರ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ಪಟ್ಟಿಯಲ್ಲಿ ರೈತನಿಗೆ ಕೊಟ್ಟ ಗುರುತಿನ ನಂಬರು, ಹಾಕಬೇಕು. ಅದರಲ್ಲಿ ಸರ್ವೆ ನಂಬರು ಸೇರಿದೆಯಾ ನೋಡಬೇಕು. ಓಟಿಪಿ ಬರಬೇಕು. ಫೋನು ಮನೆಯಲ್ಲಿ ಮಗನ ಹತ್ತಿರ ಇದ್ದರೆ ಅವನಿಗೆ ಕರೆ ಮಾಡಿ, ಅವನು ಓಟಿಪಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆಮೇಲೆ ಚೀಲದ ಮೇಲಿನ ಕೋಡ್ ಸ್ಕ್ಯಾನ್ ಆಗಬೇಕು. ಸರ್ವರ್ ನಿಂತರೆ ಎಲ್ಲವೂ ನಿಲ್ಲುತ್ತದೆ. ಕೃಷಿಯಲ್ಲಿ ಪದವಿ ಓದಿದ ಅಧಿಕಾರಿ ಅಲ್ಲಿ ಕೂತು ಮೊಬೈಲ್ ನಂಬರ್ ಟೈಪ್ ಮಾಡುತ್ತಿರುತ್ತಾರೆ.

ಈ ವ್ಯವಸ್ಥೆ ಯಾಕೆ ಬಂತು ಅಂತ ನನಗೆ ಗೊತ್ತು. ಸಬ್ಸಿಡಿ ಬೀಜ ರೈತನ ಹೆಸರಲ್ಲಿ ಹೊರಟು ಇನ್ನೆಲ್ಲೋ ಇಳಿಯಬಾರದು. ಒಬ್ಬರೇ ಹತ್ತು ಚೀಲ ಹೊರಬಾರದು. ಅದು ಸರಿ. ಲೆಕ್ಕ ಇರಲಿ. ಆದರೆ ಲೆಕ್ಕ ಬರೆಯುವುದಕ್ಕೆ ಒಬ್ಬ ಡೇಟಾ ಎಂಟ್ರಿ ಹುಡುಗನನ್ನು ಆ ಒಂದು ತಿಂಗಳ ಮಟ್ಟಿಗಾದರೂ ಕೂರಿಸಲು ಆಗುವುದಿಲ್ಲವೇ? ಹೊಲ ಹದವಾಗಿರುವುದು ನಾಲ್ಕು ದಿನ. ಹದ ಹೋದ ಮೇಲೆ ಬೀಜ ಸಿಕ್ಕರೇನು, ಬಿಟ್ಟರೇನು.

ಇದರಲ್ಲೇ ಇನ್ನೊಂದು ವಿಷಯ ಇದೆ. ನಮ್ಮ ಪಕ್ಕದ ಹೊಲದ ಅಕ್ಕನಿಗೆ ಬೀಜ ಸಿಗುವುದಿಲ್ಲ. ಬಿತ್ತುವವರು ಅವರೇ, ಕಳೆ ತೆಗೆಯುವವರು ಅವರೇ, ರಾತ್ರಿ ಹಂದಿ ಕಾಯುವವರೂ ಅವರೇ. ಪಹಣಿ ಮಾತ್ರ ತೀರಿಹೋದ ಮಾವನ ಹೆಸರಲ್ಲಿದೆ. ಅಣ್ಣತಮ್ಮಂದಿರ ಭಾಗ ಆಗಿಲ್ಲ, ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗಿಲ್ಲ. ಪಹಣಿ ಇಲ್ಲದೆ ಫ್ರೂಟ್ಸ್ ಐಡಿ ಇಲ್ಲ, ಅದಿಲ್ಲದೆ ಬೀಜವೂ ಇಲ್ಲ, ಟಾರ್ಪಲಿನ್ನೂ ಇಲ್ಲ, ಸ್ಪ್ರಿಂಕ್ಲರ್ ಪೈಪೂ ಇಲ್ಲ. ಗುತ್ತಿಗೆಗೆ, ಪಾಲಿಗೆ ಹೊಲ ಮಾಡುವವರದೂ ಇದೇ ಪಾಡು. ಇಂಥವರು ನಮ್ಮ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೌತಿ ಖಾತೆ ಮಾಡಿಕೊಡುವುದು ಕಂದಾಯ ಇಲಾಖೆಯ ಕೆಲಸ, ತಮ್ಮದಲ್ಲ, ಒಪ್ಪುತ್ತೇನೆ. ಬೀಜಕ್ಕೆ ಸಬ್ಸಿಡಿ ಇದೆ, ಅದಕ್ಕೆ ಪಹಣಿ ಕೇಳಿ. ಆದರೆ ಸಲಹೆಗೆ ಯಾಕೆ ಪಹಣಿ? ಆ ಅಕ್ಕ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಲೇಪಿಸುವ ಬೀಜೋಪಚಾರ ಹೇಗೆ ಮಾಡಬೇಕು ಅಂತ ಕೇಳಿಕೊಂಡು ಹೋದಾಗ ಕೇಂದ್ರದವರು ಮೊದಲು ಕೇಳಿದ್ದು ಅದೇ ಫ್ರೂಟ್ಸ್ ಐಡಿ, "ಎಫ್‌ಐಡಿ ಎಷ್ಟಮ್ಮ?"

ಈಗ ನನ್ನ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ.

2018ರಲ್ಲಿ ಮೆಕ್ಕೆಜೋಳಕ್ಕೆ ಹೊಸ ಹುಳ ಬಂತು. ಫಾಲ್ ಆರ್ಮಿವರ್ಮ್. ಇಡೀ ದೇಶದಲ್ಲಿ ಮೊದಲು ಕಂಡದ್ದೇ ನಮ್ಮ ರಾಜ್ಯದಲ್ಲಿ, ಶಿವಮೊಗ್ಗದ ಕಡೆ. ಸೈನಿಕ ಹುಳ ನಮಗೆ ಹೊಸದಲ್ಲ, ಆದರೆ ಇದು ಬೇರೆ ಜಾತಿ. ಎಲೆಯ ಮೇಲೆ ಮೊದಲು ಬಿಳಿ ಪೊರೆಯಂಥ ಚುಕ್ಕಿಗಳು ಕಾಣುತ್ತವೆ. ಆಮೇಲೆ ಹುಳ ಸುಳಿಯ ಒಳಗೆ ಇಳಿದು ಕೂರುತ್ತದೆ. ತಾನು ಹಾಕಿದ ಹಿಕ್ಕೆಯಿಂದಲೇ ಸುಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಎಣ್ಣೆ, ಅಂದರೆ ಹುಳಕ್ಕೆ ಹೊಡೆಯುವ ಔಷಧಿ, ಇಳಿಯುವುದಿಲ್ಲ.

ಆ ಮುಂಗಾರಿನಲ್ಲಿ ನಮಗೆ ಇದೊಂದೂ ಗೊತ್ತಿರಲಿಲ್ಲ. ಹುಳ ಬಿದ್ದ ಗಿಡ ಕಿತ್ತುಕೊಂಡು ಜನ ಹೋದದ್ದು ಎಲ್ಲಿಗೆ? ಗೊಬ್ಬರದ ಅಂಗಡಿಗೆ. ಯಾಕೆಂದರೆ ಅಂಗಡಿ ಬೆಳಗ್ಗೆ ಏಳಕ್ಕೇ ತೆರೆದಿರುತ್ತದೆ, ಭಾನುವಾರವೂ ತೆರೆದಿರುತ್ತದೆ, ಉದ್ರಿಯೂ ಕೊಡುತ್ತದೆ. ಅಂಗಡಿಯವರು ಗಿಡವನ್ನು ಕೈಗೆ ತೆಗೆದುಕೊಂಡೂ ನೋಡಲಿಲ್ಲ. ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ, ಜೊತೆಗೆ ಒಂದು ಟಾನಿಕ್ಕು, ಮೂರನ್ನೂ ಒಂದೇ ಟ್ಯಾಂಕಿಗೆ ಹಾಕಿ ಹೊಡೆಯಿರಿ ಅಂದರು. ಹುಳಕ್ಕೆ ಶಿಲೀಂಧ್ರನಾಶಕ ಯಾಕೆ ಅಂತ ಕೇಳುವಷ್ಟು ತಿಳಿವಳಿಕೆ ಯಾರಿಗೂ ಇರಲಿಲ್ಲ. ಕೆಲವರು ವಾರ ಬಿಟ್ಟು ಮತ್ತೆ ಹೊಡೆದರು. ಡಬ್ಬಿ ಬದಲಾಯಿತು, ಹುಳ ಹಾಗೇ ಇತ್ತು. ಮೂಗಿಗೆ ಬಟ್ಟೆ ಕೂಡ ಕಟ್ಟದೆ ಮಟಮಟ ಮಧ್ಯಾಹ್ನ ಎಣ್ಣೆ ಹೊಡೆದು ವಾಂತಿ ಮಾಡಿಕೊಂಡವರಿದ್ದಾರೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನ ಇದ್ದರೆ ಅದು ಅತೀ ಘೋರ ವಿಷ, ಹಸಿರಾದರೆ ಕಡಿಮೆ ವಿಷ ಅನ್ನುವುದನ್ನೂ ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಒಂದು ದಿನ ನಮ್ಮ ಕೇಂದ್ರದ ಸಹಾಯಕ ಕೃಷಿ ಅಧಿಕಾರಿಯೊಬ್ಬರು ಬೇರೆ ಯಾವುದೋ ಕೆಲಸಕ್ಕೆ ಊರಿಗೆ ಬಂದವರು ಹೊಲಕ್ಕೂ ಬಂದರು. ಅವರು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಸಾಲಿನೊಳಗೆ ಇಳಿದು ಒಂದು ಸುಳಿಯನ್ನು ಬಿಡಿಸಿದರು. ಒಳಗಿದ್ದ ಹುಳವನ್ನು ಅಂಗೈ ಮೇಲೆ ಹಾಕಿಕೊಂಡು ನಮಗೆಲ್ಲ ತೋರಿಸಿದರು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದ ಗುರುತು. ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ. "ಈ ಎರಡು ಇದ್ದರೆ ಅದೇ ಹುಳ, ಬೇರೆ ಏನೂ ನೋಡಬೇಡಿ" ಅಂದರು. ನನ್ನ ಹೊಲದಲ್ಲಿ ಹುಳ ಆಗಲೇ ಬಲಿತಿತ್ತು. ಇನ್ನು ಎಣ್ಣೆ ಹೊಡೆಯುವುದು ದಂಡ ಅಂದರು. ಅಕ್ಕಿ ತೌಡಿಗೆ ಬೆಲ್ಲದ ನೀರು ಕಲಸಿ, ಒಂದು ದಿನ ಹುಳಿ ಬರಿಸಿ, ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸುವ ವಿಷ ಪಾಷಾಣದ ಲೆಕ್ಕ ಬರೆದುಕೊಟ್ಟರು. ಕೈಗೆ ಗ್ಲೌಸ್ ಹಾಕದೆ ಮುಟ್ಟಬೇಡಿ, ದನ ಕೋಳಿ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಎರಡೆರಡು ಸಲ ಹೇಳಿದರು. ಪಕ್ಕದ ಹೊಲದಲ್ಲಿ ತಡವಾಗಿ ಬಿತ್ತಿದ ಪೈರು ಇತ್ತು. ಅಲ್ಲಿ ಹುಳ ಇನ್ನೂ ಸಣ್ಣದು. ಅವರಿಗೆ ಇಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ, ಅದೂ ಸಂಜೆ ಹೊತ್ತು, ನಾಜಲ್ ಸುಳಿಗೆ ಬಾಗಿಸಿ ಹೊಡೆಯಿರಿ ಅಂದರು.

ಒಂದೇ ಹುಳ, ಎರಡು ಹೊಲ, ಎರಡು ಬೇರೆ ಸಲಹೆ. ಇದನ್ನು ಫೋನಿನಲ್ಲಿ ಹೇಳಲು ಆಗುತ್ತದೆಯೇ? ಕಿಸಾನ್ ಕಾಲ್ ಸೆಂಟರಿಗೆ ಕರೆ ಮಾಡಿದರೆ ಪಾಪ ಅವರೂ ಉತ್ತರ ಕೊಡುತ್ತಾರೆ. ಆದರೆ ಹುಳ ಎಷ್ಟು ಬಲಿತಿದೆ ಅಂತ ಸುಳಿ ಬಿಡಿಸಿ ನೋಡುವವರು ಬೇಕಲ್ಲ? ಆ ಅಧಿಕಾರಿ ನಮ್ಮ ಹೊಲದಲ್ಲಿ ಇದ್ದದ್ದು ಬಹಳ ಹೊತ್ತೇನಲ್ಲ. ಅಷ್ಟರಲ್ಲಿ ಐದಾರು ಮನೆಯವರ ಒಂದೊಂದು ಸುತ್ತು ಎಣ್ಣೆಯ ಖರ್ಚು ಉಳಿಯಿತು.

ಆದರೆ ಆ ಭೇಟಿ ಇಲಾಖೆಯ ಯಾವ ಪ್ರಗತಿ ವರದಿಯಲ್ಲಿ ಬಂತು? ಎಷ್ಟು ಕ್ವಿಂಟಲ್ ಬೀಜ ಹೋಯಿತು ಅನ್ನುವುದಕ್ಕೆ ಕಾಲಂ ಇದೆ. ಎಷ್ಟು ಅನುದಾನ ಖರ್ಚಾಯಿತು ಅನ್ನುವುದಕ್ಕೆ ಇದೆ. ಎಷ್ಟು ಫಲಾನುಭವಿಗಳ ಜಿಪಿಎಸ್ ಫೋಟೊ ಏರಿತು ಅನ್ನುವುದಕ್ಕೂ ಇದೆ. ಹೊಡೆಯದೇ ಬಿಟ್ಟ ಎಣ್ಣೆಗೆ ಯಾವ ಪೋರ್ಟಲ್‌ನಲ್ಲೂ ಕಾಲಂ ಇಲ್ಲ. ಮೇಲಿನವರು ಕೇಳುವುದನ್ನು ಕೆಳಗಿನವರು ಮಾಡುತ್ತಾರೆ. ತಾವು ವಿಡಿಯೊ ಕಾನ್ಫರೆನ್ಸ್‌ನಲ್ಲಿ ಬೀಜದ ಲೆಕ್ಕ ಕೇಳಿದರೆ ಅವರು ಬೀಜದ ಲೆಕ್ಕ ಇಟ್ಟುಕೊಂಡು ಕೂತಿರುತ್ತಾರೆ. ಹೊಲಕ್ಕೆ ಯಾವತ್ತು ಹೋಗಿದ್ದೆ ಅಂತ ಯಾರೂ ಕೇಳದಿದ್ದರೆ ಯಾಕೆ ಹೋಗುತ್ತಾರೆ?

ನಮ್ಮ ಕಡೆ ಹಿರಿಯರು ಊರೂರಿಗೆ ಬಂದು ಬೇಸಾಯದ ಸಲಹೆ ಕೊಡುತ್ತಿದ್ದ ಗ್ರಾಮಸೇವಕರ ಕಾಲವನ್ನು ಈಗಲೂ ನೆನೆಯುತ್ತಾರೆ. ಆಮೇಲೆ ವಿಶ್ವ ಬ್ಯಾಂಕಿನ ನೆರವಿನಲ್ಲಿ ಬಂದ ತರಬೇತಿ ಮತ್ತು ಭೇಟಿ ಪದ್ಧತಿಯೂ ಇತ್ತು. ಅದರಲ್ಲಿ ಹದಿನೈದು ದಿನಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಊರಿಗೆ ಕೃಷಿ ಸಹಾಯಕರು ಬರಲೇಬೇಕಿತ್ತು. ಆ ಕಾಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಅವರು ಬಂದರೂ ದೊಡ್ಡ ಹಿಡುವಳಿಯವರ ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋಗುತ್ತಿದ್ದರು ಅನ್ನುವ ಮಾತೂ ಇದೆ. ಸಣ್ಣ ರೈತರವರೆಗೆ ಅದು ಇಳಿಯಲಿಲ್ಲ. ಆದರೆ ಯಾವ ದಿನ ಬರುತ್ತಾರೆ ಅನ್ನುವುದಾದರೂ ಊರಿಗೆ ಗೊತ್ತಿತ್ತು. ಬರದಿದ್ದರೆ ಬರಲಿಲ್ಲ ಅಂತ ಹೇಳುವುದಕ್ಕೆ ಆಗುತ್ತಿತ್ತು. ಈಗ ಅದೂ ಇಲ್ಲ.

ಇನ್ನು ಅಂಗಡಿಗಳ ವಿಷಯ. ಅಂಗಡಿಯವರು ವ್ಯಾಪಾರಕ್ಕೆ ಕೂತವರು, ಮಾರುವುದು ಅವರ ಕಸುಬು. ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಅವರಿಗೆ ಲೈಸೆನ್ಸ್ ಕೊಡುವುದು, ತಪಾಸಣೆ ಮಾಡುವುದು, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ತಮ್ಮ ಇಲಾಖೆಯೇ ಅಲ್ವಾ? ಬಿಲ್ಲು ಕೇಳಿದರೆ "ಉದ್ರಿಗೆ ಬಿಲ್ಲು ಬೇರೆ ಬೇಕಾ" ಅನ್ನುತ್ತಾರೆ. ಬಿಲ್ಲು ಇಲ್ಲದಿದ್ದರೆ ನಾಳೆ ಬೀಜ ಮೊಳೆಯಲಿಲ್ಲ, ಔಷಧಿ ಕಳಪೆ ಅಂತ ಗ್ರಾಹಕರ ಆಯೋಗಕ್ಕೆ ಹೋದರೆ ನಮ್ಮ ಕೈಯಲ್ಲಿ ಏನಿರುತ್ತದೆ? 45 ಕೆಜಿಯ ಯೂರಿಯಾ ಚೀಲಕ್ಕೆ ಸರ್ಕಾರ ಕಟ್ಟಿದ ಬೆಲೆ 266 ರೂಪಾಯಿ 50 ಪೈಸೆ. ಯೂರಿಯಾ ಜೊತೆ ಬೇರೆ ಸರಕು ಕಟ್ಟಿ ಮಾರುವಂತಿಲ್ಲ ಅಂತ ಸರ್ಕಾರವೇ ಹೇಳಿದೆ. ಮಳೆ ಬಿದ್ದು ಮೇಲುಗೊಬ್ಬರದ ಹೊತ್ತು ಬಂದಾಗ ಚೀಲದ ಜೊತೆ ನಾನೋ ಯೂರಿಯಾ ಅನ್ನುವ ದ್ರವ ಗೊಬ್ಬರದ ಬಾಟಲಿಯೂ ಬಂದೇ ಬರುತ್ತದೆ. ಬೇಡ ಅಂದರೆ ಚೀಲವೂ ಇಲ್ಲ. ಕೇಂದ್ರಕ್ಕೆ ಹೇಳಿದರೆ "ಬರೆದು ಕೊಡಿ" ಅನ್ನುತ್ತಾರೆ. ಊರಲ್ಲಿರುವುದು ಒಂದೋ ಎರಡೋ ಅಂಗಡಿ. ಬರೆದು ಕೊಟ್ಟವನಿಗೆ ಮುಂದಿನ ವರ್ಷ ಉದ್ರಿ ಯಾರು ಕೊಡುತ್ತಾರೆ, ತಾವೇ ಹೇಳಿ.

ಮಣ್ಣಿನ ಆರೋಗ್ಯ ಕಾರ್ಡಿನದು ಬೇರೆಯೇ ಸಂಗತಿ. 2015ರಲ್ಲಿ ಶುರುವಾದ ಯೋಜನೆ. ಒಳ್ಳೆಯ ಯೋಜನೆ. 12 ಅಂಶಗಳ ಪರೀಕ್ಷೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದಿಂದ ಹಿಡಿದು ಸತು, ಬೋರಾನ್‌ವರೆಗೆ. ನಮಗೂ ಕಾರ್ಡು ಬಂತು. ನನ್ನದನ್ನೂ ನನ್ನ ಬದುವಿನಾಚೆಯವರದನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಅಂಕಿ ಒಂದೂ ಬೇರೆ ಇರಲಿಲ್ಲ. ನನ್ನದು ಕೆಂಪು ಮಸಾರಿ ಮಣ್ಣು, ಅವರದು ಇಳಿಜಾರಿನ ಕೆಳಗಿನ ಕಪ್ಪು ಎರೆ ಮಣ್ಣು. ವಿಚಾರಿಸಿದಾಗ ತಿಳಿಯಿತು. ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ, ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು. ಅಷ್ಟು ಜಾಗದೊಳಗೆ ಬಂದವರಿಗೆಲ್ಲ ಅದೇ ಫಲಿತಾಂಶ. 10 ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 25 ಎಕರೆ. ಎರಡು ಮೂರು ಎಕರೆಯ ಹಿಡುವಳಿಗಳಿರುವ ನಮ್ಮಲ್ಲಿ ಅದು ಹತ್ತು ಮನೆಯವರ ಹೊಲ. ದೇಶಕ್ಕೆಲ್ಲ ಮಾಡಬೇಕಾದಾಗ ಹಾಗೆ ಮಾಡಿದ್ದು ಅರ್ಥವಾಗುತ್ತದೆ. ಆದರೆ ಅದನ್ನು ನಮಗೆ ಬಿಡಿಸಿ ಹೇಳಿದವರು ಯಾರು? ಕಾರ್ಡಿನಲ್ಲಿ ಬರೆದಷ್ಟು ಗೊಬ್ಬರವನ್ನು ಎರಡೂ ಹೊಲಕ್ಕೆ ಹಾಕಿದರೆ ಒಬ್ಬರಿಗೆ ದುಡ್ಡು ದಂಡ, ಇನ್ನೊಬ್ಬರಿಗೆ ಬೆಳೆ ಕಮ್ಮಿ. ಕೊನೆಗೆ ಜನ ಏನು ಮಾಡಿದರು ಅಂದರೆ, ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಹಣಿ ಜೊತೆ ಪೆಟ್ಟಿಗೆಗೆ ಸೇರಿಸಿದರು. ಗೊಬ್ಬರ ಯಥಾಪ್ರಕಾರ ಅಂಗಡಿಯವರು ಹೇಳಿದಷ್ಟು.

ಶೇಂಗಾದಲ್ಲಿ ಇದರ ಪೆಟ್ಟು ಕಣ್ಣಿಗೆ ಕಾಣುತ್ತದೆ. ಬಳ್ಳಿ ಹಸಿರಾಗಿ ಹಬ್ಬಿರುತ್ತದೆ, ಕಿತ್ತರೆ ಜೊಳ್ಳು ಕಾಯಿ. ಕಾಯಿ ಕಟ್ಟುವ ಹೊತ್ತಿಗೆ ಸುಣ್ಣದ ಅಂಶ ಸಾಲದೆ ಬಂದಾಗ ಹೀಗಾಗುತ್ತದೆ. ಬಿತ್ತಿ ಒಂದು ತಿಂಗಳಾದ ಮೇಲೆ ಆ ಅಂಶ ಇರುವ ಜಿಪ್ಸಂ ಎಕರೆಗೆ 200 ಕೆಜಿ ಹಾಕಿ ಮಣ್ಣು ಏರಿಸಿದರೆ ಕಾಯಿ ತುಂಬುತ್ತದೆ. ಕೃಷಿ ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಇದು ಎಷ್ಟೋ ವರ್ಷದಿಂದ ಇದೆ. ನಮ್ಮ ಹೋಬಳಿಯಲ್ಲಿ ಹಾಕುವವರು ಎಷ್ಟು ಜನ ಅಂತ ತಾವೇ ಒಂದು ಸಲ ಲೆಕ್ಕ ತೆಗೆಸಿ ನೋಡಿ. 1940ರಲ್ಲಿ ಬಂದ ಟಿಎಂವಿ-2 ತಳಿಯನ್ನು ಈಗಲೂ ಬಿತ್ತುವವರಿದ್ದಾರೆ. ಹೊಸ ತಳಿ ಬೇಡ ಅಂತ ಅಲ್ಲ. ಅದು ನಮ್ಮ ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ನಿಲ್ಲುತ್ತದಾ ಅಂತ ಯಾರೂ ಬೆಳೆದು ತೋರಿಸಿಲ್ಲ.

ತೋರಿಸಬೇಕಾದ ಪ್ರಾತ್ಯಕ್ಷಿಕೆಗಳೇನೋ ಪ್ರತಿ ವರ್ಷ ನಡೆಯುತ್ತವೆ. ಯಾರ ಹೊಲದಲ್ಲಿ? ರಸ್ತೆ ಪಕ್ಕ ಇದ್ದವರ ಹೊಲದಲ್ಲಿ, ಕೊಳವೆಬಾವಿ ಇದ್ದವರ ಹೊಲದಲ್ಲಿ, ಕೇಂದ್ರದವರ ಫೋನ್ ನಂಬರು ಇದ್ದವರ ಹೊಲದಲ್ಲಿ. ನೀರಿದ್ದವರ ಹೊಲದಲ್ಲಿ ಏನು ಹಾಕಿದರೂ ಬರುತ್ತದೆ, ಅದು ನಮಗೇನು ಪಾಠ? ತರಬೇತಿಯೂ ಅಷ್ಟೇ. ಬ್ಯಾನರು ಕಟ್ಟುತ್ತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಊಟ ಹಾಕುತ್ತಾರೆ. ವಿಜ್ಞಾನಿಗಳು ಮಾತಾಡುವಾಗ ಹಿಂದಿನ ಸಾಲಿನವರು ಊಟದ ಕಡೆ ನೋಡುತ್ತಿರುತ್ತಾರೆ. ಅವರ ತಪ್ಪೇನೂ ಇಲ್ಲ. ಆಗಸ್ಟ್‌ನಲ್ಲಿ ಬೇಕಾಗಿದ್ದ ತರಬೇತಿಯನ್ನು ಮಾರ್ಚ್‌ನಲ್ಲಿ ಅನುದಾನ ಮುಗಿಸುವುದಕ್ಕೆ ಮಾಡಿದರೆ ಯಾರಿಗೆ ಆಸಕ್ತಿ ಇರುತ್ತದೆ? ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಬೆಳೆ ವಿಮೆ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದಕ್ಕೆ ಬೇರೆಯದೇ ಪತ್ರ ಬೇಕು. ಇಲ್ಲಿಗೆ ಸಂಬಂಧಪಟ್ಟಷ್ಟು ಮಾತ್ರ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮ ಇದೆ. ನಮ್ಮೂರಲ್ಲಿ ಅದು ಬಹಳ ಜನಕ್ಕೆ ಗೊತ್ತಾಗಿದ್ದು ಆ ಗಡುವು ಮುಗಿದ ಮೇಲೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಒಂದು ಬೆಳೆ, ವಿಮೆಯಲ್ಲಿ ಇನ್ನೊಂದು ಬೆಳೆ ದಾಖಲಾಗಿದ್ದರೆ ಹಣ ಬರುವುದಿಲ್ಲ ಅನ್ನುವುದೂ ಹಾಗೇ. ಮುಂಗಾರಿಗೆ ವಿಮೆ ಮೊತ್ತದ ಶೇ 2 ಕಂತು ಕಟ್ಟಿಸಿಕೊಳ್ಳುವಾಗ ಊರೂರಿಗೆ ಆಟೊದಲ್ಲಿ ಮೈಕ್ ಹಾಕಿಸಿ ಸಾರಿದಿರಿ. ಈ ಎರಡು ಮಾತನ್ನೂ ಅದೇ ಮೈಕಿನಲ್ಲಿ ಹೇಳಿಸಬಹುದಿತ್ತು.

ಇಷ್ಟೆಲ್ಲ ಬರೆದ ಮೇಲೆ ಕೇಂದ್ರದವರ ಪರವಾಗಿಯೂ ಹೇಳುವುದು ನ್ಯಾಯ. ನಮ್ಮ ಕೃಷಿ ಅಧಿಕಾರಿಗೆ ಎರಡು ಹೋಬಳಿಯ ಹೊಣೆ ಇದೆ. ಒಂದು ಕಡೆ ಖಾಲಿ ಹುದ್ದೆ, ಪ್ರಭಾರ ಇವರಿಗೆ. ಬೀಜ ವಿತರಣೆ, ಯಂತ್ರೋಪಕರಣದ ಅರ್ಜಿ, ಕೃಷಿ ಹೊಂಡದ ಅಳತೆ, ಬೆಳೆ ಕಟಾವು ಪ್ರಯೋಗ, ಬೆಳೆಹಾನಿ ಜಂಟಿ ಸಮೀಕ್ಷೆ, ಮೇಲಿಂದ ಸಭೆ, ಸಭೆಗೊಂದು ವರದಿ. ಚುನಾವಣೆ ಬಂದರೆ ಅದರ ಕೆಲಸವೂ. ಇಲಾಖೆಗೂ ರೈತರಿಗೂ ನಡುವೆ ನೆರವಾಗಲು ಊರಿಗೊಬ್ಬರಂತೆ ಇದ್ದ ಅನುವುಗಾರರು ಹಂಗಾಮಿನಲ್ಲಿ ಓಡಾಡುತ್ತಾರೆ, ಅವರಿಗೆ ಸಿಗುವ ಗೌರವಧನ ಪೆಟ್ರೋಲಿಗೂ ಸಾಲದು. ಇಷ್ಟು ಹೊರೆ ಹೊರಿಸಿ ಹೊಲಕ್ಕೂ ಹೋಗು ಅಂದರೆ ಅವರೂ ಮನುಷ್ಯರೇ. ಹಾಗಾಗಿ ಅವರಿಗೆ ಮೆಮೊ ಕೊಡಿ ಅಂತ ನಾನು ಕೇಳುತ್ತಿಲ್ಲ. ಅವರ ಹೊರೆ ಇಳಿಸಿ ಅಂತ ಕೇಳುತ್ತಿದ್ದೇನೆ.

ನನ್ನ ಮೊದಲ ಕೋರಿಕೆ, ಉಳಿದೆಲ್ಲಕ್ಕಿಂತ ದೊಡ್ಡದು: ವಾರದಲ್ಲಿ ಎರಡು ದಿನ ಕೇಂದ್ರದ ಅಧಿಕಾರಿಗಳು ಹೊಲದಲ್ಲೇ ಇರಬೇಕು. ಆ ಎರಡು ದಿನ ಅವರಿಗೆ ಸಭೆ ಬೇಡ, ವಿಡಿಯೊ ಕಾನ್ಫರೆನ್ಸ್ ಬೇಡ, ಪೋರ್ಟಲ್ ಕೆಲಸ ಬೇಡ. ಯಾವ ಊರಿಗೆ ಯಾವ ವಾರ ಅಂತ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿ. ಬರಲು ಆಗದಿದ್ದರೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಲಿ, ನಾವು ತಪ್ಪು ತಿಳಿಯುವುದಿಲ್ಲ. ಬಂದಾಗ ಪಹಣಿ ಇಲ್ಲದವರ ಹೊಲಕ್ಕೂ ಹೋಗಲಿ. ಹೆಂಗಸರು ಹೊಲದಲ್ಲಿ ಇರುವ ಹೊತ್ತಿಗೆ ಬರಲಿ. ಜಗಲಿ ಮೇಲೆ ಕೂರುವುದು ಬೇಡ. ಮೆಕ್ಕೆಜೋಳಕ್ಕೆ ಬಿತ್ತಿದ ಎರಡು ಮೂರು ವಾರದೊಳಗೆ, ತೊಗರಿಗೆ ಕುಡಿ ಚಿವುಟುವ ಹೊತ್ತಿಗೆ, ಶೇಂಗಾಕ್ಕೆ ಜಿಪ್ಸಂ ಹಾಕುವ ಮೊದಲು ಒಂದೊಂದು ಭೇಟಿ ಆಗಲೇಬೇಕು ಅಂತ ಕ್ಯಾಲೆಂಡರ್ ಮಾಡಿ. ತಮ್ಮ ತಿಂಗಳ ಸಭೆಯಲ್ಲಿ ಬೀಜದ ಲೆಕ್ಕ ಕೇಳುವ ಮುಂಚೆ ಈ ಭೇಟಿಗಳ ಲೆಕ್ಕ ಕೇಳಿ. ಇದಕ್ಕೆ ಹೊಸ ಅನುದಾನ ಬೇಡ, ತಮ್ಮ ಒಂದು ಸುತ್ತೋಲೆ ಸಾಕು ಅಂತ ನನ್ನ ನಂಬಿಕೆ. ಇಡೀ ಜಿಲ್ಲೆಗೆ ಒಮ್ಮೆಲೇ ಆಗದಿದ್ದರೆ ನಮ್ಮ ಹೋಬಳಿಯಲ್ಲಿ ಒಂದು ಮುಂಗಾರು ಮಾಡಿ ನೋಡಿ.

ಎರಡನೆಯದು, ಬಿತ್ತನೆ ತಿಂಗಳಲ್ಲಿ ಕೌಂಟರಿಗೆ ತಾತ್ಕಾಲಿಕ ಸಿಬ್ಬಂದಿ ಕೊಡಿ. ಯಾವ ಬೀಜ ಎಷ್ಟಿದೆ, ಯಾವ ತಳಿ, ಮೊಳಕೆ ಶೇಕಡಾ ಎಷ್ಟು, ದರ ಎಷ್ಟು, ಇಷ್ಟನ್ನು ದಿನಾ ಬೆಳಗ್ಗೆ ಬೋರ್ಡಿಗೆ ಬರೆಸಿ. ಖಾಲಿ ಆದದ್ದು ಗೊತ್ತಾದರೆ ಜನ ಕೂಲಿ ಬಿಟ್ಟು ಬಸ್ ಹತ್ತಿ ಬರುವುದಾದರೂ ತಪ್ಪುತ್ತದೆ. ಮೊಳಕೆ ಪರೀಕ್ಷೆಯನ್ನು ಕೇಂದ್ರದಲ್ಲೇ ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿ ಮಾಡಿ ತೋರಿಸಲಿ. ಅದಕ್ಕೆ ಯಂತ್ರ ಬೇಕಿಲ್ಲ.

ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲಿ, ಹೊಲ ಖಾಲಿ ಇದ್ದಾಗ, ಕೇಳಿದವರ ಹೊಲದಿಂದಲೇ ತೆಗೆಸಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಆಗಲಿ. ಮಾದರಿ ಹೇಗೆ ತೆಗೆಯಬೇಕು ಅಂತ ಒಮ್ಮೆ ತೋರಿಸಿದರೆ ನಾವೇ ತೆಗೆದು ತಂದು ಕೊಡುತ್ತೇವೆ. ಶುಲ್ಕ ಇದ್ದರೆ ಕಟ್ಟುತ್ತೇವೆ. ಮತ್ತೆ ಕಾರ್ಡು ಕೊಡುವಾಗ ಯಾರಾದರೂ ಒಬ್ಬರು ಕೂತು ಓದಿ ಹೇಳಬೇಕು.

ಅಂಗಡಿಗಳಿಗೆ ಹಂಗಾಮಿನ ನಡುವೆ, ಹೇಳದೆ ಕೇಳದೆ ತಪಾಸಣೆ ನಡೆಯಲಿ. ದೂರು ಕೊಟ್ಟ ರೈತನ ಹೆಸರು ಹೊರಗೆ ಬರದ ಹಾಗೆ ಒಂದು ದಾರಿ ಮಾಡಿ. ಬಿಲ್ಲು ಕೊಡದ ಅಂಗಡಿಗೆ ನೋಟಿಸ್ ಹೋದದ್ದು ಒಮ್ಮೆ ಊರಿಗೆ ಗೊತ್ತಾದರೆ ಸಾಕು, ಉಳಿದವರೆಲ್ಲ ಬಿಲ್ಲು ಪುಸ್ತಕ ಹೊರಗೆ ತೆಗೆಯುತ್ತಾರೆ.

ಇನ್ನೊಂದು, ಇದು ಕೋರಿಕೆ ಅಲ್ಲ, ಕಾನೂನು. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4(1)(ಬಿ) ಪ್ರಕಾರ ಸಬ್ಸಿಡಿ ಯೋಜನೆಗಳಿಗೆ ಇಟ್ಟ ಹಣ, ಅದರ ಫಲಾನುಭವಿಗಳ ವಿವರವನ್ನು ಯಾರೂ ಅರ್ಜಿ ಹಾಕದೆಯೇ ಕಚೇರಿ ಪ್ರಕಟಿಸಬೇಕು. ಸ್ಪ್ರಿಂಕ್ಲರ್, ಟಾರ್ಪಲಿನ್, ಪವರ್ ಟಿಲ್ಲರ್, ಪ್ರಾತ್ಯಕ್ಷಿಕೆ, ಯಾವ ವರ್ಷ ಯಾರಿಗೆ ಹೋಯಿತು ಅನ್ನುವ ಪಟ್ಟಿ ಕೇಂದ್ರದ ಹೊರಗೋಡೆಯ ಮೇಲೆ ಇರಲಿ. ಅರ್ಜಿ ಹಾಕಿ ಕಾಯುತ್ತಿರುವವರ ಪಟ್ಟಿಯೂ ಅದರ ಪಕ್ಕದಲ್ಲಿ ಇರಲಿ. ಅದೇ ಹೆಸರುಗಳು ಮತ್ತೆ ಮತ್ತೆ ಬರುತ್ತಿವೆ ಅನ್ನುವ ಗುಸುಗುಸು ಸುಳ್ಳಾಗಿದ್ದರೆ ಅಲ್ಲೇ ಸುಳ್ಳಾಗುತ್ತದೆ. ನಿಜವಾಗಿದ್ದರೆ ತಮಗೂ ತಿಳಿಯುತ್ತದೆ.

ಈ ಪತ್ರಕ್ಕೆ ತಾವು ಉತ್ತರ ಬರೆಯುವುದಾದರೆ ನನ್ನ ವಿಳಾಸಕ್ಕೆ ಬೇಡ. ಮುಂಗಾರು ಬಿತ್ತನೆಗೆ ಮುಂಚೆ ನಮ್ಮ ಕೇಂದ್ರದ ನೋಟಿಸ್ ಬೋರ್ಡಿಗೆ ಹಾಕಿಸಿ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಯಾಕೆ ಅಂತ ಬರೆಯಿರಿ. ಬೀಜಕ್ಕೆ ಬಂದವರೆಲ್ಲ ಓದಿಕೊಂಡು ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಹೋಬಳಿಯ ಒಬ್ಬ ಮಳೆಯಾಶ್ರಿತ ರೈತ